ನಡುವೆ ನಿಂತ ಹಿಡಿಕೆ

ಬಿ.ಸಿ. ರೋಡಿನಲ್ಲಿರುವ ಉಸ್ಮಾನಾಕನ ವರ್ಕ್‌ಶಾಪಿನಿಂದ ಹೊರಗೆ ಹೋಗುವ ಪ್ರತಿಯೊಂದು ಪ್ಯಾನೆಲಿನ ಬಾಗಿಲ ಒಳಮೈಗೆ ಒಂದು ಬಿಳಿ ಹಾಳೆ ಅಂಟಿಸಿರುತ್ತಿತ್ತು. ಅದರ ಕೊನೆಯಲ್ಲಿ, ‘ಪರೀಕ್ಷಿಸಿದವರು’ ಎಂಬಲ್ಲಿ, ನಸೀಬಾಳ ಸಹಿ. ಏಳು ವರ್ಷಗಳಿಂದ ಆ ಸಹಿ ಬೀಳದೆ ಒಂದು ಪ್ಯಾನೆಲೂ ಲಾರಿ ಹತ್ತಿರಲಿಲ್ಲ.

ಕಾರ್ಖಾನೆಗೆ ಬರುವ ಕರೆಂಟನ್ನು ಯಂತ್ರಗಳಿಗೆ ಹಂಚಿಕೊಡುವ ಕಬ್ಬಿಣದ ಕಪಾಟಿಗೆ ಪ್ಯಾನೆಲ್ ಎನ್ನುತ್ತಾರೆ. ಅದರೊಳಗಿನ ಮುಖ್ಯ ಸಾಮಾನು ಬ್ರೇಕರ್. ಇಟ್ಟಿಗೆಗಿಂತ ತುಸು ದೊಡ್ಡದಾದ, ಗಟ್ಟಿ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಹೊಯ್ದು ಮಾಡಿದ ಕಪ್ಪು ಡಬ್ಬ. ಮುಂದೆ ಒಂದು ಹಿಡಿಕೆ. ಮಿತಿ ಮೀರಿ ಕರೆಂಟ್ ಹರಿದರೆ ಅದು ಯಾರ ಅಪ್ಪಣೆಗೂ ಕಾಯದೆ ತಾನೇ ಕರೆಂಟ್ ಕಡಿದು ‘ಬೀಳುತ್ತದೆ’. ಯಂತ್ರ ಸುಡಬಾರದು, ವೈರು ಉರಿಯಬಾರದು, ಹತ್ತಿರ ನಿಂತ ಮನುಷ್ಯ ಸಾಯಬಾರದು. ಅದಿರುವುದು ಅಷ್ಟಕ್ಕೇ.

ನಸೀಬಾ ಡಿಪ್ಲೊಮಾ ಮುಗಿಸಿದಾಗ ಪಾಣೆಮಂಗಳೂರಿನ ಅವಳ ಮನೆಯವರಿಗೆ ಆ ಕಾಗದವನ್ನು ಎಲ್ಲಿಡಬೇಕೆಂದೇ ಗೊತ್ತಿರಲಿಲ್ಲ. ಹೆಣ್ಣುಮಗಳು ಸ್ಪ್ಯಾನರ್ ಹಿಡಿದು ಗಂಡಸರ ನಡುವೆ ನಿಲ್ಲುವುದೇ ಎಂದು ನೆಂಟರಿಷ್ಟರು ಮೂಗಿನ ಮೇಲೆ ಬೆರಳಿಟ್ಟರು. ಸೌದಿಯ ದಮ್ಮಾಮಿನಲ್ಲಿ ಹದಿನಾರು ವರ್ಷ ದುಡಿದು ಬಂದು ಆಗಷ್ಟೇ ವರ್ಕ್‌ಶಾಪ್ ತೆರೆದಿದ್ದ ಊರವರೆಲ್ಲ ಉಸ್ಮಾನಾಕ ಎನ್ನುವ ಸೋದರಮಾವ ಮಾತ್ರ, “ಕರೆಂಟಿಗೆ ಗಂಡು ಹೆಣ್ಣು ಅಂತ ಗೊತ್ತಾಗುವುದಿಲ್ಲ. ತಪ್ಪು ಮಾಡಿದವರಿಗೆ ಹೊಡೀತದೆ, ಅಷ್ಟೆ. ಇವಳು ತಪ್ಪು ಮಾಡುವವಳಲ್ಲ” ಎಂದು ಹೇಳಿ ಎಲ್ಲರ ಬಾಯಿ ಮುಚ್ಚಿಸಿದ್ದ. ಆ ಒಂದು ಮಾತಿಗಾಗಿ ಮಾಮನನ್ನು ಅವಳು ತಲೆಯ ಮೇಲೆ ಹೊತ್ತುಕೊಂಡಿದ್ದಳು.

ಗುರುವಾಯನಕೆರೆಯಿಂದ ಎರಡು ಮೈಲಿ ಆಚೆಗಿದ್ದ ಶೋಧನ್ ಜೈನರ ಗೇರುಬೀಜದ ಕಾರ್ಖಾನೆಗೆ ಪ್ಯಾನೆಲ್ ಮಾಡಿಕೊಟ್ಟು ಎರಡು ವರ್ಷವಾಗಿತ್ತು. ಶೋಧನ್ ನಲವತ್ತರ ಆಸುಪಾಸಿನವರು. ದೊಡ್ಡ ಮನೆತನ, ಸಣ್ಣ ಸ್ವರ. ಯಾರನ್ನೂ ಗದರಿದ್ದನ್ನು ಕಂಡವರಿಲ್ಲ. ಅವರ ಒಂದು ಪ್ಯಾನೆಲ್ ಚೆನ್ನಾಗಿ ನಡೆದದ್ದರಿಂದ ಉಸ್ಮಾನಾಕನಿಗೆ ಮೂಡುಬಿದಿರೆಯವರೆಗೆ ಇನ್ನೂ ಹತ್ತಾರು ಕಾರ್ಖಾನೆಗಳ ಕೆಲಸ ಸಿಕ್ಕಿತ್ತು.

ಆ ವರ್ಷ ಜೂನಿನಲ್ಲಿ ಮಳೆ ಹಿಡಿದ ಮೇಲೆ ಅಲ್ಲಿಂದ ದೂರು ಬರತೊಡಗಿತು. ಬ್ರೇಕರ್ ದಿನಕ್ಕೆ ಮೂರು ಸಲ, ನಾಲ್ಕು ಸಲ ಬೀಳುತ್ತದೆ. ನಸೀಬಾ ಮೀಟರು ಹಿಡಿದು ಹೋದಳು.

ಕಾರ್ಖಾನೆಯ ಎಲೆಕ್ಟ್ರಿಷಿಯನ್ ಜತ್ತಪ್ಪ ಗೇಟಿಗೇ ಬಂದು ಕೊಡೆ ಹಿಡಿದ. ಐವತ್ತರ ಹತ್ತಿರದ ತೆಳ್ಳನೆಯ ಮನುಷ್ಯ. ಹತ್ತನೆಯ ತರಗತಿಯನ್ನೂ ಮುಗಿಸದೆ, ಬರೀ ಕೈಯಿಂದ ಕಲಿತವನು. ಮೊದಲ ದಿನ ಈ ಹುಡುಗಿ ಪ್ಯಾನೆಲ್ ಕೂರಿಸಲು ಬಂದಾಗ ನಕ್ಕಿದ್ದ. ಸಂಜೆಯ ಹೊತ್ತಿಗೆ ಮೇಡಂ ಎಂದು ಕರೆಯತೊಡಗಿದ್ದ.

“ನಿಮ್ಮ ಡಬ್ಬಕ್ಕೆ ಸಿಟ್ಟು ಜಾಸ್ತಿ ಆಗಿದೆ ಮೇಡಂ. ಮುಟ್ಟಿದರೆ ಮುನಿಸು.”

“ಹೊಸ ಯಂತ್ರ ಎಂತಾದರೂ ಹಾಕಿದ್ದುಂಟಾ ಜತ್ತಪ್ಪಣ್ಣ?”

ಜತ್ತಪ್ಪ ಒಳಗೆ ಕೈ ತೋರಿಸಿದ. ಗೋಡೆಯ ಪಕ್ಕ ಕರೆಂಟಿನಲ್ಲಿ ಕಾಯುವ ಎರಡು ಹೊಸ ಡ್ರೈಯರುಗಳು ನಿಂತಿದ್ದವು. ಅವುಗಳ ಹಿಂದೆ ಬೀಜ ವಿಂಗಡಿಸುವ ಹೊಸ ಯಂತ್ರ, ಅದಕ್ಕೊಂದು ಕಂಪ್ರೆಸರು. ನಸೀಬಾ ಎಲ್ಲವನ್ನೂ ಓಡಿಸಲು ಹೇಳಿ ಕೇಬಲಿಗೆ ಮೀಟರು ಸಿಕ್ಕಿಸಿದಳು. ಇನ್ನೂರ ಐವತ್ತು ಆಂಪಿಯರಿನ ಬ್ರೇಕರಿನಲ್ಲಿ ಮುನ್ನೂರ ಹತ್ತು ಹರಿಯುತ್ತಿತ್ತು. ಕೇಬಲ್ ಕೈಯಿಡಲಾಗದಷ್ಟು ಬಿಸಿಯಾಗಿತ್ತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ‘ಟಪ್’ ಎಂದು ಬ್ರೇಕರ್ ಬಿತ್ತು. ಶೆಡ್ಡಿನ ಯಂತ್ರಗಳೆಲ್ಲ ಉಸಿರು ಬಿಟ್ಟು ಸುಮ್ಮನಾದವು.

ಶೋಧನ್ ತಮ್ಮ ಕೋಣೆಯಲ್ಲಿ ಅವಳಿಗೆ ಕುಡಿಯಲು ಬೊಂಡ ತರಿಸಿಕೊಟ್ಟರು.

“ಬ್ರೇಕರಿನಲ್ಲಿ ಎಂತದೂ ತೊಂದರೆ ಇಲ್ಲ ಸರ್,” ಎಂದಳು ನಸೀಬಾ. “ಅದು ಬೀಳಬೇಕಾದಲ್ಲೇ ಬೀಳ್ತಾ ಉಂಟು. ಹೊಸ ಯಂತ್ರಗಳಿಗೆ ಬೇರೆ ಕೇಬಲ್, ಬೇರೆ ಬ್ರೇಕರ್ ಬೇಕು. ಅಲ್ಲಿಯವರೆಗೆ ಒಂದು ಡ್ರೈಯರ್ ನಿಲ್ಲಿಸಬೇಕು.”

“ನೀವು ಹೇಳುವುದು ಸರಿ ಇರಬಹುದು. ಆದರೆ ಈ ತಿಂಗಳು ನಿಲ್ಲಿಸಲಿಕ್ಕೆ ಆಗುವುದಿಲ್ಲ. ಹಡಗಿಗೆ ಮಾಲು ಹೋಗಬೇಕು. ಬೀಳದ ಹಾಗೆ ಬ್ರೇಕರನ್ನು ಸ್ವಲ್ಪ ಟೈಟ್ ಮಾಡಿ ಕೊಡ್ಲಿಕ್ಕೆ ಆಗುದಿಲ್ವಾ?”

“ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗ್ತದೆ ಸರ್ ಅದು.”

ಶೋಧನ್ ನಕ್ಕರು. ಜತ್ತಪ್ಪ ಬಾಗಿಲಲ್ಲಿ ನಿಂತು ನೆಲ ನೋಡಿದ.

ಮರುದಿನ ಬೆಳಿಗ್ಗೆ ನಸೀಬಾ ಒಂದು ಪತ್ರ ಬರೆದಳು. ಎಷ್ಟು ಕರೆಂಟ್ ಹರಿಯುತ್ತಿದೆ, ಕೇಬಲ್ ಎಷ್ಟು ಬಿಸಿ, ಏನು ಬದಲಿಸಬೇಕು ಎಲ್ಲವನ್ನೂ ಬರೆದು, ಕೊನೆಗೆ, ಬ್ರೇಕರನ್ನು ತಪ್ಪಿಸಿ ನೇರವಾಗಿ ಕರೆಂಟ್ ಕೊಟ್ಟರೆ ಜೀವಕ್ಕೆ ಅಪಾಯ ಎಂದು ದಪ್ಪಕ್ಷರದಲ್ಲಿ ಸೇರಿಸಿದಳು. ಹೊರಗೆ ಹೋಗುವ ಪತ್ರಗಳಿಗೆಲ್ಲ ಮಾಮನ ಸಹಿ ಬೇಕು. ಉಸ್ಮಾನಾಕ ಎರಡು ಸಲ ಓದಿ, “ಸ್ವಲ್ಪ ಖಾರ ಆಯ್ತು. ಇರಲಿ, ನಾನು ಕಳಿಸ್ತೇನೆ” ಎಂದ.

ಹತ್ತು ದಿನ ಕಳೆದ ಮೇಲೆ ಒಂದು ಮಂಗಳವಾರ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಜತ್ತಪ್ಪನ ಫೋನು ಬಂತು.

“ಮೇಡಂ, ದಣಿಗಳು ಕಂಟೈನರ್ ತುಂಬುವವರೆಗೆ ಹೇಗಾದರೂ ಮಾಡು ಅಂತಾರೆ. ತಾಮ್ರದ ಪಟ್ಟಿ ಕಟ್ಟಿ ಡೈರೆಕ್ಟ್ ಕೊಟ್ಟರೆ ಎಂತ ಆಗ್ತದೆ? ಎರಡೇ ದಿನಕ್ಕೆ.”

“ಬೇಡ ಜತ್ತಪ್ಪಣ್ಣ. ನಿಮ್ಮ ಕಾಲು ಹಿಡೀತೇನೆ, ಬೇಡ. ಪತ್ರದಲ್ಲಿ ಬರೆದಿದ್ದೇನಲ್ಲ, ಓದ್ಲಿಲ್ವಾ ಅವರು?”

“ಪತ್ರವಾ? ಯಾವ ಪತ್ರ?”

ನಸೀಬಾ ಡಬ್ಬಿಯ ಮುಚ್ಚಳ ಕೆಳಗಿಟ್ಟಳು. “ಆಫೀಸಿನಲ್ಲಿ ಇರಬಹುದು. ಕೇಳಿ, ಅದು ಬೀಳುವುದು ನಿಮ್ಮನ್ನು ಉಳಿಸ್ಲಿಕ್ಕೆ.”

ಆಚೆಯಿಂದ ಜತ್ತಪ್ಪ ನಕ್ಕದ್ದು ಕೇಳಿಸಿತು. “ಅದು ನನ್ನನ್ನು ಉಳಿಸ್ತದೆ ಮೇಡಂ. ನನ್ನ ಕೆಲಸ ಉಳಿಸುವವರು ಯಾರು? ಮಗಳಿಗೆ ಇನ್ನೂ ಆರು ತಿಂಗಳ ಕಾಲೇಜು ಉಂಟು.”

ಅವಳು ಊಟ ಅಲ್ಲೇ ಬಿಟ್ಟು ಮಾಮನ ಬಳಿಗೆ ಹೋದಳು. ಶೋಧನ್ ಹತ್ತಿರ ಈಗಲೇ ಮಾತಾಡುತ್ತೇನೆ ಎಂದ ಉಸ್ಮಾನಾಕ ಫೋನನ್ನು ಕಿವಿಗಿಟ್ಟುಕೊಂಡು ಹೊರಗೆ ಹೋದ. ಬಂದವನು, “ಹೇಳಿದ್ದೇನೆ. ನೀನು ತಲೆಬಿಸಿ ಮಾಡಬೇಡ” ಎಂದ. ಮಾಮನ ಮಾತನ್ನು ಅನುಮಾನಿಸುವ ಅಭ್ಯಾಸ ಅವಳಿಗಿರಲಿಲ್ಲ.

ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಡ್ರೈಯರಿನ ಕೇಬಲ್ ಸುಟ್ಟು ಒಳಗಿನ ವೈರುಗಳು ಒಂದಕ್ಕೊಂದು ತಾಗಿದವು. ಅದಕ್ಕೆ ಸ್ವಲ್ಪ ಮೊದಲು ಯಾರೋ ಸುಟ್ಟ ವಾಸನೆ ಎಂದದ್ದಕ್ಕೆ ಜತ್ತಪ್ಪ ಪ್ಯಾನೆಲಿನ ಬಾಗಿಲು ತೆರೆದು ಬಗ್ಗಿ ನೋಡುತ್ತಿದ್ದ. ಕರೆಂಟ್ ಕಡಿಯಬೇಕಾದ ಜಾಗದಲ್ಲಿ ಕಡಿಯುವಂಥದ್ದು ಏನೂ ಇರಲಿಲ್ಲ. ತಾಮ್ರದ ಪಟ್ಟಿಗಳು ಕರಗಿ, ಸಿಡಿಲು ಶೆಡ್ಡಿನೊಳಗೇ ಬಿದ್ದಂತೆ ಬೆಂಕಿ ಎದ್ದಿತು. ಬೀಜ ಸುಲಿಯುತ್ತಿದ್ದ ಹೆಂಗಸರು ಕೂಗುತ್ತ ಮಳೆಗೆ ಓಡಿದರು. ಜತ್ತಪ್ಪನನ್ನು ಗೋಣಿ ಸುತ್ತಿ ಜೀಪಿಗೆ ಹಾಕಿ ಮಂಗಳೂರಿಗೆ ಒಯ್ದರು.

ವಿದ್ಯುತ್ ಇಲಾಖೆಯ ಇನ್‌ಸ್ಪೆಕ್ಟರು ಬರುವ ದಿನ ಪ್ಯಾನೆಲ್ ಮಾಡಿದವರೂ ಇರಬೇಕೆಂದು ನಸೀಬಾಳನ್ನು ಕರೆಸಿದರು. ಕಪಾಟು ಒಳಗೆಲ್ಲ ಕರ್ರಗಾಗಿತ್ತು. ಅವಳ ಸಹಿ ಇದ್ದ ಹಾಳೆ ಬೂದಿಯಾಗಿತ್ತು. ಬ್ರೇಕರಿನ ಮೇಲ್ಭಾಗ ಕರಗಿ ಜೋತಿತ್ತು, ಆದರೆ ಮುಂಭಾಗ ಅರ್ಧ ಉಳಿದಿತ್ತು. ಅವಳು ಟಾರ್ಚು ಹಿಡಿದು ಬಗ್ಗಿದಳು. ಹಿಡಿಕೆ ಮೇಲೆ ಇದ್ದರೆ ಕರೆಂಟ್ ಹೋಗುತ್ತಿದೆ ಎಂದು ಅರ್ಥ. ಕೆಳಗೆ ಇದ್ದರೆ ಯಾರೋ ಕೈಯಿಂದ ಆರಿಸಿದ್ದಾರೆ. ಎರಡೂ ಅಲ್ಲದೆ ನಡುವೆ ನಿಂತಿದ್ದರೆ, ತಾನಾಗಿಯೇ ಬಿದ್ದದ್ದು. ಹಿಡಿಕೆ ನಡುವೆ ನಿಂತಿತ್ತು.

ಅಂದರೆ ಡಬ್ಬ ಬಿದ್ದೇ ಇತ್ತು. ಬಿದ್ದ ಡಬ್ಬವನ್ನು ಹಾಗೇ ಬಿಟ್ಟು ಅದರ ಪಕ್ಕದಿಂದ ಕರೆಂಟನ್ನು ದಾಟಿಸಿದ್ದರು. ಎರಡು ತುದಿಯ ಬೋಲ್ಟುಗಳ ಬುಡದಲ್ಲಿ ಪಟ್ಟಿ ಕಚ್ಚಿದ ಅಗಲದ ಗುರುತು ಇನ್ನೂ ಇತ್ತು. ಕರಗಿ ಉಳಿದಿರಬೇಕಾದ ಪಟ್ಟಿಯ ತುಂಡುಗಳು ಮಾತ್ರ ಇರಲಿಲ್ಲ.

“ಇಲ್ಲಿ ಎಂತಾದರೂ ತೆಗೆದಿದ್ದೀರಾ?” ಎಂದು ಅವಳು ಮ್ಯಾನೇಜರನ್ನು ಕೇಳಿದಳು.

“ಬೆಂಕಿ ಆರಿಸುವಾಗ ಯಾರು ಯಾರೋ ಎಂತೆಂತದೋ ಎಳೆದು ಬಿಸಾಡಿದ್ದಾರೆ. ನನಗೆ ಹೇಗೆ ಗೊತ್ತು?” ಎಂದು ಆತ ಶೋಧನರ ಮುಖ ನೋಡಿದ.

ಇನ್‌ಸ್ಪೆಕ್ಟರು ಫೋಟೊ ತೆಗೆದುಕೊಂಡು ನಸೀಬಾಳ ಕಡೆ ತಿರುಗಿದರು. “ಪರೀಕ್ಷೆ ಮಾಡಿ ಸಹಿ ಹಾಕಿದವರು ನೀವಲ್ವಾ? ಯಾಕೆ ಹೀಗಾಯ್ತು ಅಂತ ನಿಮ್ಮ ಅಭಿಪ್ರಾಯ ಬರೆದು ಕೊಡಿ. ಈ ಸ್ಥಿತಿಯಲ್ಲಿ ಬರೀ ನೋಡಿ ಹೇಳುವುದು ಕಷ್ಟ. ಯೋಚನೆ ಮಾಡಿಯೇ ಕೊಡಿ, ಅವಸರ ಇಲ್ಲ.”

ವರ್ಕ್‌ಶಾಪಿಗೆ ಬಂದವಳೇ ತನ್ನ ಪತ್ರದ ಪ್ರತಿ ಹುಡುಕಿದಳು. ಕಂಪ್ಯೂಟರಿನಲ್ಲಿ ಕಳಿಸಿದ ಗುರುತಿಲ್ಲ. ಮಾಮನ ಮೇಜಿನ ಎರಡನೆಯ ಡ್ರಾಯರಿನಲ್ಲಿ, ಮದುವೆಯ ಆಮಂತ್ರಣ ಪತ್ರಿಕೆಗಳ ಕೆಳಗೆ, ಅವಳ ಹಾಳೆ ಮಡಿಕೆ ಬೀಳದೆ ಮಲಗಿತ್ತು. ಮಾಮನ ಸಹಿ ಇರಬೇಕಾದ ಜಾಗ ಖಾಲಿ.

“ಬಕ್ರೀದ್ ಕಳೆದ ಮೇಲೆ ಎದುರು ಕೂತು ಹೇಳುವ ಅಂತಿದ್ದೆ,” ಎಂದ ಉಸ್ಮಾನಾಕ. ಅವನು ಅವಳ ಕಣ್ಣು ತಪ್ಪಿಸಿದ್ದು ಅದೇ ಮೊದಲು. “ಅಂಥ ಪತ್ರ ಕಳಿಸಿದರೆ ಗಿರಾಕಿ ನಿಲ್ತದಾ ನಸೀಬಾ?”

“ಮಂಗಳವಾರ ಫೋನಿನಲ್ಲಿ ಹೇಳಿದ್ದು?”

ಅವನು ಆಮಂತ್ರಣ ಪತ್ರಿಕೆಗಳನ್ನು ಮತ್ತೆ ಡ್ರಾಯರಿಗೆ ತುಂಬತೊಡಗಿದ.

ಜತ್ತಪ್ಪ ಒಂಬತ್ತು ದಿನ ಬದುಕಿದ್ದ. ನಸೀಬಾ ಒಂದು ಸಲ ಹೋಗಿ ನೋಡಿದಳು. ಬಟ್ಟೆ ಸುತ್ತಿದ ಆ ಮೈಯೊಳಗಿನಿಂದ ಅವನು ಅವಳ ಗುರುತು ಹಿಡಿದನೋ ಇಲ್ಲವೋ ತಿಳಿಯಲಿಲ್ಲ. ಹೊರಗಿನ ಬೆಂಚಿನಲ್ಲಿ ಹೆಂಡತಿ ವಾರಿಜ ಫ್ಲಾಸ್ಕು ತೊಡೆಯ ಮೇಲಿಟ್ಟು ಕೂತಿದ್ದಳು. “ಮೇಡಂ ಬೇಡ ಅಂತ ಹೇಳಿದ್ದರು ಅಂತ ಅವರು ಮನೆಯಲ್ಲಿ ಹೇಳಿದ್ದರು,” ಎಂದಷ್ಟೇ ಹೇಳಿ ಫ್ಲಾಸ್ಕಿನ ಮುಚ್ಚಳ ತಿರುಗಿಸತೊಡಗಿದಳು.

ಸಾವಿನ ಏಳನೆಯ ದಿನ, ಶುಕ್ರವಾರದ ನಮಾಜು ಮುಗಿಸಿ ಬಂದ ಉಸ್ಮಾನಾಕ ಅವಳನ್ನು ತನ್ನ ಮನೆಗೆ ಕರೆಸಿದ. ಸೋಫಾದ ತುದಿಯಲ್ಲಿ ಶೋಧನ್ ಕೂತಿದ್ದರು. ನಿದ್ದೆಯಿಲ್ಲದೆ ಅವರ ಕಣ್ಣುಗಳು ಒಳಸೇರಿದ್ದವು. ಅವರ ದುಃಖ ನಾಟಕದ್ದಾಗಿರಲಿಲ್ಲ. ಹಾಗಾಗಿದ್ದರೆ ನಸೀಬಾಳಿಗೆ ಸುಲಭವಾಗುತ್ತಿತ್ತು.

“ನಾನು ಹೇಗಾದರೂ ಮಾಡು ಅಂತ ಹೇಳಿದ್ದು ಹೌದು,” ಎಂದರು ಅವರು. “ಪಟ್ಟಿ ಕಟ್ಟು ಅಂತ ಹೇಳ್ಲಿಲ್ಲ.”

“ಹೇಗಾದರೂ ಅಂದರೆ ಅವರಿಗೆ ಬೇರೆ ಎಂತ ದಾರಿ ಇತ್ತು ಸರ್?”

ಶೋಧನ್ ಕೈಗಳನ್ನು ನೋಡಿಕೊಂಡರು. ಮಾತು ಮುಂದುವರಿಸಿದ್ದು ಉಸ್ಮಾನಾಕ. “ನೋಡು ಮಗಾ, ನೀನು ಇದ್ದದ್ದನ್ನು ಇದ್ದ ಹಾಗೆ ಬರೀತಿ ಅಂತ ಇಟ್ಟುಕೊಳ್ಳುವ. ಆಗ ಪಟ್ಟಿ ಕಟ್ಟಿದ್ದು ಯಾರು? ಜತ್ತಪ್ಪ. ಯಾರೂ ಹೇಳದೆ, ನಿಯಮ ಮುರಿದು ಅವನೇ ಮಾಡಿಕೊಂಡದ್ದು ಅಂತ ಆಗ್ತದೆ. ಅವನ ತಪ್ಪು ಅಂತ ಆದರೆ ಹೆಂಡತಿ ಮಗಳಿಗೆ ಒಂದು ಕಾಸೂ ಸಿಗುವುದಿಲ್ಲ. ಶೋಧನರ ವಕೀಲರೇ ಹೇಳಿದ್ದು. ಅದೇ ಬ್ರೇಕರ್ ಕೆಲಸ ಮಾಡ್ಲಿಲ್ಲ ಅಂತ ಬರೆದರೆ ಯಾರ ತಲೆಗೂ ಬರುವುದಿಲ್ಲ. ಡಬ್ಬ ಮಾಡಿದ ಕಂಪೆನಿ ಎಲ್ಲಿಯೋ ಉಂಟು. ಅವರಿಗೆ ಇದೆಲ್ಲ ಸೊಳ್ಳೆ ಕಚ್ಚಿದ ಹಾಗೆ.”

“ಆ ಬ್ರೇಕರ್ ಕೆಲಸ ಮಾಡಿದೆ ಮಾಮ. ಅದೊಂದೇ ಅಲ್ಲಿ ಕೆಲಸ ಮಾಡಿದ್ದು.”

ಅವಳು ಎದ್ದು ಬಂದಳು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ ಎಂದೇ ಕೂತಳು. ಬರೆಯುತ್ತ ಹೋದಂತೆ ಮಾಮನ ಮಾತು ಹಾಳೆಯ ಮೇಲೆ ತಾನಾಗಿಯೇ ನಿಜವಾಗುತ್ತಿತ್ತು. ‘ಹೇಗಾದರೂ ಮಾಡು’ ಎಂದವರ ಮಾತಿಗೆ ಸಾಕ್ಷಿ ಇಲ್ಲ. ಕಳಿಸದ ಪತ್ರಕ್ಕೆ ಬೆಲೆ ಇಲ್ಲ. ಪಟ್ಟಿ ಕಟ್ಟಿದ ಕೈ ಮಾತ್ರ ಜತ್ತಪ್ಪನದ್ದು. ಎಷ್ಟು ಸಲ ತಿರುಗಿಸಿ ಬರೆದರೂ ತಪ್ಪು ಸತ್ತವನ ಹೆಗಲಿಗೇ ಹೋಗಿ ಕೂರುತ್ತಿತ್ತು.

ಭಾನುವಾರ ವಾರಿಜ ಬಸ್ಸು ಹತ್ತಿ ಒಬ್ಬಳೇ ಪಾಣೆಮಂಗಳೂರಿಗೆ ಬಂದಳು. ನಸೀಬಾಳ ಉಮ್ಮ ಕೊಟ್ಟ ಚಹಾವನ್ನು ಮುಟ್ಟಲಿಲ್ಲ.

“ಮೇಡಂ, ನೀವು ಇದ್ದ ಹಾಗೆ ಬರೆದರೆ ನಮಗೆ ಎಂತದೂ ಸಿಗುವುದಿಲ್ಲವಂತೆ.”

“ಯಾರು ಹೇಳಿದರು ನಿಮಗೆ?”

“ದಣಿಗಳು ಮನೆಗೆ ಬಂದಿದ್ದರು. ಅವರು ಕಣ್ಣೀರು ಹಾಕಿದರು ಮೇಡಂ.” ವಾರಿಜ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ನಮ್ಮವರು ಹೋದದ್ದು ಹೋಯ್ತು. ಹೋದ ಮೇಲೆ ಅವರದ್ದೇ ತಪ್ಪು ಅಂತ ಊರಲ್ಲಿ ಆಗುವುದು ಬೇಡ. ನನ್ನ ಮಗಳು ತಲೆ ಎತ್ತಿ ನಡೀಬೇಕಲ್ಲ?”

ನಸೀಬಾಳ ಬಾಯಿಗೆ ಬಿಸಿ ತುಪ್ಪ ಬಿದ್ದಿತ್ತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಆದರೆ ನುಂಗಿದಳು. ಸೋಮವಾರ ಹೊಸ ಹಾಳೆಯಲ್ಲಿ, ಮಿತಿ ಮೀರಿ ಕರೆಂಟ್ ಹರಿದಾಗ ಬ್ರೇಕರ್ ಕೆಲಸ ಮಾಡಿಲ್ಲ, ತಯಾರಿಕೆಯ ದೋಷ ಇರಬಹುದು, ಎಂದು ಬರೆದು ಕೆಳಗೆ ತನ್ನ ಹೆಸರು ಹಾಕಿದಳು. ಅದುವರೆಗೆ ನೂರಾರು ಸಲ ಹಾಕಿದ ಸಹಿ. ಆ ದಿನ ಅದು ಬೇರೆ ಯಾರದೋ ಬರಹದ ಹಾಗೆ ಕಂಡಿತು.

ಕೆಲಸ ಸುಸೂತ್ರವಾಯಿತು. ವಾರಿಜಳಿಗೆ ಪರಿಹಾರ ಸಿಕ್ಕಿತು. ಕಾರ್ಖಾನೆಗೆ ವಿಮೆ ಸಿಕ್ಕಿತು. ಸುಟ್ಟ ಪ್ಯಾನೆಲು ಗುಜರಿಗೆ ಹೋಯಿತು. ಆದರೆ ಯಾರ ತಲೆಗೂ ಬರುವುದಿಲ್ಲ ಎಂದಿದ್ದ ಮಾಮನ ಮಾತು ಸುಳ್ಳಾಯಿತು. ಎಲ್ಲಿಯೋ ಇರುವ ಕಂಪೆನಿಯ ಹೆಸರು ಊರಿನವರ ನಾಲಿಗೆಗೆ ಹೊರಳುವುದಿಲ್ಲ. ‘ಆ ಹುಡುಗಿ ಪಾಸು ಮಾಡಿದ ಪ್ಯಾನೆಲು’ ಎಂಬುದು ಮಾತ್ರ ಮೂಡುಬಿದಿರೆಯವರೆಗೂ ಹೋಯಿತು. ಹೆಂಗಸರ ಕೈಗೆ ಅಂಥ ಕೆಲಸ ಕೊಟ್ಟರೆ ಇನ್ನೆಂತ ಆಗುತ್ತದೆ ಎಂದು ಮರದ ಮಿಲ್ಲಿನವರೊಬ್ಬರು ಉಸ್ಮಾನಾಕನ ಎದುರಿಗೇ ಹೇಳಿದರು. ಉಸ್ಮಾನಾಕ ತಲೆ ಬಗ್ಗಿಸಿ ಕೇಳಿಕೊಂಡು ಬಂದ.

“ಸ್ವಲ್ಪ ದಿನ ನಿನ್ನ ಸಹಿ ಬೇಡ ನಸೀಬಾ. ಜನ ಮರೆಯುವವರೆಗೆ,” ಎಂದ.

ಅವಳ ಜಾಗಕ್ಕೆ ಮಿಜಾರಿನ ಕಾಲೇಜಿನಲ್ಲಿ ಆಗಷ್ಟೇ ಓದು ಮುಗಿಸಿದ್ದ ನಿಝಾರ್ ಬಂದ. ಅವಳಿಗೆ ಸಾಮಾನು ಲೆಕ್ಕ ಬರೆಯುವ ಕೆಲಸ. ಎರಡು ತಿಂಗಳು ಹಲ್ಲು ಕಚ್ಚಿ ಕೂತಳು. ಒಂದು ದಿನ, ಒಂದು ಪ್ಯಾನೆಲಿನ ಬೋಲ್ಟು ಸಡಿಲ ಇದೆ ಎಂದು ಹೇಳಿದ್ದಕ್ಕೆ ನಿಝಾರ್, “ಅಕ್ಕಾ, ನೀವು ಇದಕ್ಕೆ ಬರುವುದು ಬೇಡ ಅಂತ ಉಸ್ಮಾನಾಕ ಹೇಳಿದ್ದಾರೆ” ಎಂದ. ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವಳು ಚೀಲ ಹೆಗಲಿಗೇರಿಸಿಕೊಂಡು ಹೊರಟವಳು ಮತ್ತೆ ಆ ಕಡೆ ಹೋಗಲಿಲ್ಲ.

ಕೊನೆಗೆ ಕೆಲಸ ಸಿಕ್ಕಿದ್ದು ಬಂಟ್ವಾಳ ಪೇಟೆಯಲ್ಲಿ ವಕೀಲೆ ತ್ರಿಶಲಾ ಅವರ ಆಫೀಸಿನಲ್ಲಿ, ಟೈಪು ಮಾಡುವುದಕ್ಕೆ. ತ್ರಿಶಲಾ ಐವತ್ತು ದಾಟಿದ, ನೇರ ಮಾತಿನ ಹೆಂಗಸು. ಫೆಬ್ರವರಿಯ ಒಂದು ದಿನ, ಕಲ್ಲಿನ ಕೋರೆಯಲ್ಲಿ ಸತ್ತವನೊಬ್ಬನ ಹೆಂಡತಿಯ ಅರ್ಜಿಯನ್ನು ಟೈಪು ಮಾಡುವಾಗ ನಸೀಬಾಳ ಬೆರಳು ನಿಂತಿತು. ಸತ್ತವನು ಹೆಲ್ಮೆಟ್ ಹಾಕಿರಲಿಲ್ಲ, ಬೇಡವೆಂದ ಕಡೆ ಇಳಿದಿದ್ದ. ಆದರೂ ಪರಿಹಾರ ಕೊಡಲೇಬೇಕು ಎಂದು ಅರ್ಜಿಯಲ್ಲಿತ್ತು.

“ಮೇಡಂ, ಕೆಲಸದವನದ್ದೇ ತಪ್ಪಿದ್ದರೆ ಸಿಗುವುದಿಲ್ಲ ಅಲ್ವಾ?”

“ಗಾಯ ಆದರೆ ಆ ಮಾತು ಎತ್ತಬಹುದು,” ಎಂದರು ತ್ರಿಶಲಾ, ಕಡತದಿಂದ ತಲೆ ಎತ್ತದೆ. “ಜೀವ ಹೋದರೆ ಆ ಮಾತೇ ಇಲ್ಲ. ನಿಯಮ ಮುರಿದಿದ್ದರೂ ಕೊಡಬೇಕು. ಕಾನೂನಿನಲ್ಲಿ ಸ್ಪಷ್ಟ ಉಂಟು. ಯಾಕೆ?”

ನಸೀಬಾ ಎಲ್ಲವನ್ನೂ ಹೇಳಿದಳು. ತ್ರಿಶಲಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಿನಗೆ ಯಾರಾದರೂ ಒಬ್ಬರನ್ನು ಕೇಳಬೇಕು ಅಂತ ಕಾಣ್ಲಿಲ್ವಾ ಮಾರಾಯ್ತಿ? ಇಲ್ಲೇ ಇದ್ದೆನಲ್ಲ ನಾನು, ಹತ್ತು ನಿಮಿಷದ ದಾರಿ.” ಕನ್ನಡಕ ಮತ್ತೆ ಏರಿಸಿಕೊಂಡು ಮೆತ್ತಗೆ, “ಈಗ ನಿಜ ಹೇಳ್ಲಿಕ್ಕೆ ಹೊರಟರೆ ಸುಳ್ಳು ಬರೆದುಕೊಟ್ಟವಳು ನೀನು ಅಂತ ಮೊದಲು ಆಗ್ತದೆ. ಅದಕ್ಕೆ ತಯಾರಾಗಿಯೇ ಹೆಜ್ಜೆ ಇಡು” ಎಂದರು.

ಆ ಸಂಜೆ ಅವಳು ಮಾಮನ ಮನೆಗೆ ಹೋದಳು. ಚಾವಡಿಯಲ್ಲಿ ನಿಂತೇ ಕೇಳಿದಳು. “ನಿಮಗೆ ಗೊತ್ತಿತ್ತಾ?”

ಉಸ್ಮಾನಾಕ ಗಡ್ಡ ನೀವಿಕೊಂಡ. “ಅವರ ವಕೀಲರು ಹೇಳಿದ್ದನ್ನು ನಾನು ನಿನಗೆ ಹೇಳಿದೆ. ಹೌದಾ ಅಲ್ವಾ ಅಂತ ಬೇರೆ ಯಾರನ್ನೂ ಕೇಳ್ಲಿಲ್ಲ. ಕೇಳಿದ್ದರೆ ಗೊತ್ತಾಗ್ತಿತ್ತು.” ಆಮೇಲೆ, “ನನಗೆ ಗೊತ್ತಾಗುವುದು ಬೇಡ ಇತ್ತು ನಸೀಬಾ. ಹನ್ನೆರಡು ಜನರ ಮನೆ ನಡೀತದೆ ಈ ವರ್ಕ್‌ಶಾಪಿನಿಂದ” ಎಂದ.

“ನನ್ನದೂ ಸೇರಿ ಹದಿಮೂರು ಇತ್ತು,” ಎಂದು ಹೇಳಿ ಅವಳು ಮೆಟ್ಟಿಲಿಳಿದಳು.

ವಾರಿಜಳಿಗಾದರೂ ಹೇಳಬೇಕು ಎನಿಸಿತು. ತಪ್ಪು ಯಾರದಾಗಿದ್ದರೂ ನಿನಗೆ ಬರಬೇಕಾದ್ದು ಬಂದೇ ಬರುತ್ತಿತ್ತು, ನಿನ್ನನ್ನು ನನ್ನ ಮನೆಗೆ ಕಳಿಸಿದ್ದು ನಿನಗಾಗಿ ಅಲ್ಲ ಎಂದು. ಮುಂದಿನ ಭಾನುವಾರ ಬೆಳ್ತಂಗಡಿಯ ಬಸ್ಸು ಹತ್ತಿ ಗುರುವಾಯನಕೆರೆಯಲ್ಲಿ ಇಳಿದು ನಡೆದಳು. ಬಾಗಿಲು ತೆರೆದದ್ದು ಮಗಳು ಅಪೇಕ್ಷಾ. ಅಪ್ಪನದೇ ತೆಳ್ಳನೆಯ ಮುಖ.

“ನೀವು ಯಾಕೆ ಬಂದದ್ದು?”

“ಅಮ್ಮ ಇದ್ದಾರಾ?”

“ನಿಮ್ಮ ಪೆಟ್ಟಿಗೆ ನನ್ನ ಅಪ್ಪನನ್ನು ಕೊಂದದ್ದು. ಪಾಸು ಅಂತ ಸಹಿ ಹಾಕಿದ್ದು ನೀವು. ನೀವೇ ಒಪ್ಪಿ ಬರೆದುಕೊಟ್ಟಿದ್ದೀರಿ ಅಲ್ವಾ? ನಾನು ಆ ಕಾಗದ ಓದಿದ್ದೇನೆ.”

ಹಿಂದಿನಿಂದ ವಾರಿಜ ಬಂದಳು. ಮಗಳ ಹೆಗಲ ಮೇಲಿನಿಂದ ನಸೀಬಾಳನ್ನು ನೋಡಿದಳು. ಒಂದೇ ಮಾತು ಸಾಕಿತ್ತು. ಮೇಡಂ ಬೇಡ ಅಂದಿದ್ದರು ಎಂಬ ಒಂದು ಮಾತು. ವಾರಿಜ ಬಾಗಿಲ ಚಿಲಕದ ಮೇಲೆ ಕಣ್ಣು ನೆಟ್ಟು ನಿಂತಳು.

“ನೀನು ಒಳಗೆ ಹೋಗು,” ಎಂದು ಮಗಳಿಗೆ ಹೇಳಿ, ಅವಳು ಹೋಗದಿದ್ದಾಗ ತಾನೇ ಅಂಗಳಕ್ಕೆ ಇಳಿದು ಪಿಸುಗುಟ್ಟಿದಳು. “ಅವಳಿಗೆ ಗೊತ್ತಾಗುವುದು ಬೇಡ ಮೇಡಂ. ದಣಿಗಳು ಅವಳಿಗೆ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಕೊಟ್ಟಿದ್ದಾರೆ. ಈಗ ಇದೆಲ್ಲ ಎಬ್ಬಿಸಿದರೆ…”

ನಸೀಬಾ ಹೇಳಬೇಕೆಂದು ಬಂದದ್ದನ್ನು ಹೇಳದೆಯೇ ಹಿಂದಿರುಗಿ ನಾಲ್ಕು ಹೆಜ್ಜೆ ಇಟ್ಟವಳು ನಿಂತು, ಬಾಗಿಲಲ್ಲಿದ್ದ ಹುಡುಗಿಯನ್ನು ಕೇಳಿದಳು. “ಈಗಿನ ಪ್ಯಾನೆಲ್ ಹೇಗುಂಟು?”

“ಒಳ್ಳೆಯದುಂಟು. ಇಷ್ಟು ದಿನದಲ್ಲಿ ಒಂದು ಸಲವೂ ಬಿದ್ದದ್ದಿಲ್ಲ,” ಎಂದಳು ಅಪೇಕ್ಷಾ. ಸ್ವರದಲ್ಲಿ ಚುಚ್ಚುವ ಸಂತೋಷವಿತ್ತು. “ಬಿ.ಸಿ. ರೋಡಿನವರೇ ಮಾಡಿಕೊಟ್ಟದ್ದು, ನಿಮ್ಮನ್ನು ಕೆಲಸದಿಂದ ಬಿಡಿಸಿದ ಮೇಲೆ. ಇದರ ಬ್ರೇಕರ್ ನಾನ್ನೂರರದ್ದು. ಬಿಲ್ ಫೈಲ್ ಮಾಡಿದ್ದು ನಾನೇ.”

“ಕೇಬಲ್? ಕೇಬಲ್ ಬದಲಿಸಿದ್ದಾರಾ?”

“ಸುಟ್ಟ ತುಂಡು ಮಾತ್ರ. ಉಳಿದದ್ದು ಹಳೆಯದೇ ಸಾಕಂತೆ.”

ನಸೀಬಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇನ್ನೂರ ಐವತ್ತನ್ನು ಹೊರುವ ಕೇಬಲಿಗೆ ನಾನ್ನೂರರ ಬ್ರೇಕರ್. ಮುನ್ನೂರ ಹತ್ತು ಹರಿದಾಗ ಕೇಬಲ್ ಬೇಯುತ್ತದೆ, ಬ್ರೇಕರಿಗೆ ಅದು ಏನೂ ಅಲ್ಲ. ಬೀಳದ ಬ್ರೇಕರ್ ಎಂದು ಎಲ್ಲರೂ ಸಂತೋಷಪಡುತ್ತಾರೆ.

“ಅಪೇಕ್ಷಾ, ಅದರ ಹತ್ತಿರ ನಿಲ್ಲಬೇಡ. ಸುಟ್ಟ ವಾಸನೆ ಬಂದರೆ ಎಲ್ಲರನ್ನೂ ಕರ್ಕೊಂಡು ಹೊರಗೆ ಓಡು. ನೋಡ್ಲಿಕ್ಕೆ ಹೋಗಬೇಡ.”

ಹುಡುಗಿ ಬಾಗಿಲು ಹಾಕಿಕೊಂಡಳು.

ಗುರುವಾಯನಕೆರೆಯ ಬಸ್ಸು ತಂಗುದಾಣದಲ್ಲಿ ನಿಂತು ನಸೀಬಾ ಮೊದಲು ನಿಝಾರನಿಗೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಮರುದಿನ ಇನ್‌ಸ್ಪೆಕ್ಟರಿಗೆ ಮಾಡಿದಳು. ಅವರು ತಾಳ್ಮೆಯಿಂದ ಪೂರ್ತಿ ಕೇಳಿದರು.

“ಪ್ಯಾನೆಲ್ ನೀವು ನೋಡಿದ್ದೀರಾ?”

“ಇಲ್ಲ ಸರ್. ಆದರೆ ನನಗೆ ಆ ಕೇಬಲ್ ಗೊತ್ತುಂಟು. ಹಿಂದಿನ ಸಲ ಆದದ್ದೂ ಬೇರೆಯೇ. ಬ್ರೇಕರ್ ಸರಿ ಇತ್ತು. ನಾನು ಬ್ರೇಕರಿನದ್ದು ದೋಷ ಅಂತ ಬರೆದದ್ದು ಸುಳ್ಳು.”

ಆಚೆಯಲ್ಲಿ ಕಡತ ತಿರುವುವ ಸದ್ದು. “ಮೇಡಂ, ಅವತ್ತು ಯೋಚನೆ ಮಾಡಿ ಕೊಡಿ ಅಂತ ನಾನು ಹೇಳಿದ್ದೆ. ನೀವು ಯೋಚನೆ ಮಾಡಿಯೇ ಕೊಟ್ಟಿದ್ದೀರಿ. ಈಗ ಅದು ಸುಳ್ಳು, ಇದು ನಿಜ ಅಂತೀರಿ. ಆ ವರ್ಕ್‌ಶಾಪಿನ ಕೆಲಸವನ್ನೂ ಬಿಟ್ಟಿದ್ದೀರಂತೆ. ನಾಳೆ ಇದೂ ಸುಳ್ಳು ಅಂದರೆ? ನಾನು ಯಾವುದನ್ನು ಹಿಡೀಬೇಕು?”

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ.

“ಬರೆದು ಕಳಿಸಿ. ಸರದಿಯಲ್ಲಿ ನೋಡುವ,” ಎಂದು ಅವರು ಫೋನಿಟ್ಟರು.

ತ್ರಿಶಲಾ ಅವರ ಆಫೀಸಿನಲ್ಲಿ ನಸೀಬಾ ಪತ್ರ ಟೈಪು ಮಾಡಿದಳು. ತಾನು ಹಿಂದೆ ಬರೆದುಕೊಟ್ಟದ್ದು ಸುಳ್ಳು ಎಂಬುದನ್ನೇ ಮೊದಲ ಸಾಲಾಗಿ ಇಟ್ಟಳು. ತ್ರಿಶಲಾ ಓದಿ, ಒಂದು ಅಲ್ಪವಿರಾಮವನ್ನೂ ಬದಲಿಸದೆ, ತಾವೇ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿ ಬಂದರು. ತಲುಪಿದೆ ಎಂಬ ಚೀಟಿ ಐದನೆಯ ದಿನ ವಾಪಸು ಬಂತು. ಅದಾದ ಮೇಲೆ ಒಂದು ತಿಂಗಳು ಕಳೆಯಿತು, ಎರಡು ಕಳೆಯಿತು, ಇನ್‌ಸ್ಪೆಕ್ಟರು ಕಾರ್ಖಾನೆಗೆ ಹೋದ ಸುದ್ದಿಯೇ ಇಲ್ಲ. ಉಸ್ಮಾನಾಕ ದಾರಿಯಲ್ಲಿ ಕಂಡರೆ ಅವಳು ರಸ್ತೆ ದಾಟಿ ಆಚೆಯ ಬದಿಗೆ ಹೋಗುತ್ತಿದ್ದಳು. ಮೇ ಕೊನೆಯಲ್ಲಿ ಶೋಧನರ ಕಾರ್ಖಾನೆ ಅದೇ ಹಳೆಯ ಕೇಬಲಿಗೆ ಮೂರನೆಯ ಡ್ರೈಯರನ್ನೂ ಹಾಕಿತು ಎಂಬ ಸುದ್ದಿ ಯಾರದೋ ಬಾಯಿಂದ ಬಂತು. ನಸೀಬಾ ಅಪೇಕ್ಷಾಳ ನಂಬರು ಹುಡುಕಿ ಫೋನು ಮಾಡಿದಳು. ಎರಡು ಸಲ ರಿಂಗಾಗಿ ನಿಂತಿತು. ಮೂರನೆಯ ಸಲ ಮಾಡುವಷ್ಟರಲ್ಲಿ ಆ ಕಡೆಯಿಂದ ಅವಳ ನಂಬರನ್ನು ಬ್ಲಾಕ್ ಮಾಡಿದ್ದರು.